ಕದಲದ ನೆಲ, ಅಲೆಯುವ ವಿಳಾಸ

ಹೂವಿನಹಡಗಲಿ ಪಟ್ಟಣದ ಪೂರ್ವಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ 15 ಡಿಗ್ರಿ ಉತ್ತರ ಅಕ್ಷಾಂಶವೂ 76 ಡಿಗ್ರಿ ಪೂರ್ವ ರೇಖಾಂಶವೂ ಒಂದನ್ನೊಂದು ದಾಟುತ್ತವೆ. ಒಂದು ಗೆರೆ ಸಮಭಾಜಕದಿಂದ ಎಣಿಸಿಕೊಂಡು ಬಂದದ್ದು, ಇನ್ನೊಂದು ಗ್ರೀನಿಚ್‌ನಿಂದ. ಹಿಂದೆ ದಶಮಾಂಶದ ಬಾಲವೇ ಇಲ್ಲದ ಪೂರ್ಣಾಂಕಗಳ ಸಂಧಿ. ಆ ಗೆರೆಗಳಿಗೆ ಬದುವಿಲ್ಲ, ಬೇಲಿಯಿಲ್ಲ. ಹಾಗಿದ್ದೂ ಅವು ಅಲ್ಲಿವೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಊರುಗಳು ಈ ಸಂಧಿಯಿಂದ ಅರ್ಧ ಡಿಗ್ರಿಯೊಳಗೇ ಇವೆ. ದಶಮಾಂಶದ ಮುಂದೆ ಆರು ಅಂಕಿ ಬರೆದರೆ ಅರ್ಧ ಗೇಣಿನಷ್ಟು ಜಾಗವನ್ನು ಗುರುತಿಸಬಹುದು. ಕೊಟ್ಟೂರಿನಲ್ಲಿ ತೇರು ಸಾಗುವ ಬೀದಿಯ ಒಂದೊಂದು ನಲ್ಲಿಗೂ ಭೂಮಂಡಲದಲ್ಲಿ ಬೇರೆ ಯಾವುದಕ್ಕೂ ಸಿಗದ ಜೋಡಿ ಅಂಕಿಗಳಿವೆ.

ಇಷ್ಟು ನಿಖರವಾದ ನೆಲದ ಮೇಲೆ ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳ ಕಡತಗಳನ್ನು ಹರಡಿ ನೋಡಿದರೆ ಬೆರಗಿನ ಇನ್ನೊಂದು ಮುಖ ಕಾಣುತ್ತದೆ. ಒಂದೇ ಮನೆಗೆ ತೆರಿಗೆಯ ವಹಿಯಲ್ಲಿ ಒಂದು ಸಂಖ್ಯೆ, ನೀರಿನ ಸಂಪರ್ಕದಲ್ಲಿ ಇನ್ನೊಂದು, ಕರೆಂಟ್ ಬಿಲ್ಲಿನಲ್ಲಿ ಆರ್‌ಆರ್ ನಂಬರು, ಬಡಾವಣೆಯ ನಕ್ಷೆಯಲ್ಲಿ ಸೈಟ್ ನಂಬರು, ಅದರಡಿಯಲ್ಲಿ ಒಂದು ಕಾಲಕ್ಕೆ ಹೊಲವಾಗಿದ್ದಾಗಿನ ಸರ್ವೆ ನಂಬರು. ಬೀದಿಯವರಿಗೆ ಅದು ಇಂಥವರ ಅಜ್ಜನ ಮನೆ, ಅಷ್ಟೆ. ಈ ಹೆಸರುಗಳನ್ನೆಲ್ಲ ಒಂದು ಚುಕ್ಕೆಯ ಮೇಲೆ ತಂದು ನಿಲ್ಲಿಸುವುದೇ ನಕ್ಷೆಯ ದತ್ತಾಂಶವನ್ನು ಓರಣಗೊಳಿಸುವ ಕೆಲಸ. ಹೊರಗಿನವರಿಗೆ ಅದು ಒಣ ಗುಮಾಸ್ತಿಕೆಯಾಗಿ ಕಾಣಬಹುದು. ಆದರೆ ಒಂದು ಜಾಗ ಎಂದರೆ ಏನು ಎಂಬ ಹಳೆಯ ಪ್ರಶ್ನೆ ಅಲ್ಲಿ ದಿನವೂ ಎದುರಾಗುತ್ತದೆ.

ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕ ಮೇಲೆ ಅದು ತಮಗೂ ಬೇಕೆಂದು ತಾಲ್ಲೂಕಿನ ಜನ ಹೋರಾಡಿದರು, ಎರಡು ದಶಕಗಳ ನಂತರ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಅದರೊಳಗೆ ಸೇರಿತು. ಇಷ್ಟೆಲ್ಲ ಆಗುವಾಗ ಹರಪನಹಳ್ಳಿಯ ಒಂದು ಹೆಂಟೆ ಮಣ್ಣೂ ಕದಲಲಿಲ್ಲ. ಕೊಟ್ಟೂರೂ ಹಾಗೆಯೇ, ಮೊನ್ನೆಮೊನ್ನೆಯವರೆಗೆ ಕೂಡ್ಲಿಗಿ ತಾಲ್ಲೂಕಿನದು, ಈಗ ತಾನೇ ಒಂದು ತಾಲ್ಲೂಕು. ಮನೆಯ ಗುರುತಿನ ಸಂಖ್ಯೆಯೊಳಗೆ ಜಿಲ್ಲೆಯ, ತಾಲ್ಲೂಕಿನ ಅಂಕಿಗಳನ್ನು ಹೊಸೆದಿಟ್ಟಿದ್ದರೆ, ಪ್ರತಿ ಸಲವೂ ಆ ಮನೆ ಕಾಗದದಲ್ಲಿ ಸತ್ತು ಹೊಸದಾಗಿ ಹುಟ್ಟಬೇಕಾಗುತ್ತದೆ. ಆದ್ದರಿಂದ ಜಾಗಕ್ಕೆ ಅದರದೇ ಆದ, ಯಾವ ಆಡಳಿತಕ್ಕೂ ಸೇರದ ಒಂದು ಸಂಖ್ಯೆ ಇರಲಿ. ಜಿಲ್ಲೆ, ತಾಲ್ಲೂಕು, ವಾರ್ಡುಗಳು ಅದಕ್ಕೆ ಅಂಟಿಕೊಂಡ ಸಂಗತಿಗಳಾಗಿರಲಿ, ಒಂದೊಂದಕ್ಕೂ ಎಂದಿನಿಂದ ಎಂದಿನವರೆಗೆ ಎಂಬ ತಾರೀಕಿರಲಿ. ಇದು ತಾಂತ್ರಿಕ ಸಲಹೆ, ನಿಜ. ನೆಲದ ಬಗೆಗಿನ ಗೌರವವೂ ಇದರಲ್ಲಿದೆ ಎಂದು ನಾನು ನಂಬಿದ್ದೇನೆ.

ಹಳೆಯದನ್ನು ಅಳಿಸಬಾರದು ಎನ್ನಲು ನನಗೆ ಇನ್ನೊಂದು ಕಾರಣವಿದೆ. ಹಳೆ ಮೈಸೂರಿನ ರೈತರು ಎಕರೆ-ಗುಂಟೆ ಎನ್ನುವಲ್ಲಿ ನಮ್ಮ ಕಡೆಯವರು ಎಕರೆ-ಸೆಂಟ್ಸ್ ಎನ್ನುತ್ತಾರೆ. ಎಕರೆಗೆ ನಲವತ್ತು ಗುಂಟೆ, ನೂರು ಸೆಂಟ್ಸ್. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿದ. ಅಂದಿನಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ತಾಲ್ಲೂಕುಗಳು ಮದ್ರಾಸಿನವು. ಸೇರಿ ಎಪ್ಪತ್ತು ವರ್ಷ ಕಳೆದರೂ ಪಹಣಿಯ ಅಳತೆಯಲ್ಲಿ ಮದ್ರಾಸು ಉಳಿದಿದೆ. ಓರಣದ ಹೆಸರಿನಲ್ಲಿ ಎಲ್ಲವನ್ನೂ ಚದರ ಮೀಟರಿಗೆ ತಿರುಗಿಸಿ ಮೂಲದ ಅಂಕಿಯನ್ನು ಬಿಸಾಡಿದರೆ ಆ ಇತಿಹಾಸವೂ ಹೋಗುತ್ತದೆ, ಪೂರ್ಣಾಂಕಕ್ಕೆ ಇಳಿಸಿದಾಗ ಅಷ್ಟಿಷ್ಟು ನೆಲವೂ ಹೋಗುತ್ತದೆ.

ಮನ್ರೋಗಿಂತಲೂ ಹಿಂದಿನವರು ಅಳತೆಯ ವಿಷಯದಲ್ಲಿ ಎಷ್ಟು ಎಚ್ಚರವಾಗಿದ್ದರು! ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿ, ಹೊಳೆದಂಡೆಯ ಕುರುವತ್ತಿ ಮುಂತಾದೆಡೆ ಚಾಲುಕ್ಯರ ಕಾಲದ ಗುಡಿಗಳಿವೆ. ಆ ಕಾಲದ ದಾನಶಾಸನಗಳ ರೀತಿಯನ್ನು ಗಮನಿಸಿ. ಆಳುತ್ತಿದ್ದವರು ಯಾರು, ಯಾವ ತಿಥಿ, ಎಷ್ಟು ಮತ್ತರು ನೆಲ, ಎಷ್ಟೋ ಕಡೆ ಯಾವ ಅಳತೆಕೋಲು ಎಂಬುದೂ, ಆಮೇಲೆ ನಾಲ್ಕು ದಿಕ್ಕಿನ ಎಲ್ಲೆ. ಇಂದು ಉಪಗ್ರಹದ ಚಿತ್ರಕ್ಕೆ ತಗುಲಿಸಬೇಕಾದ ವಿವರಗಳೂ ಬಹುತೇಕ ಇವೇ. ಎಲ್ಲಿಂದ, ಎಂದು, ಯಾವ ಮಾನದಿಂದ ಅಳೆದದ್ದು ಎಂದು ಹೇಳದ ನಕ್ಷೆಯನ್ನು ನಂಬುವುದು ಹೇಗೆ?

ತುಂಗಭದ್ರಾ ಜಲಾಶಯದ ಹಿನ್ನೀರು ಮಾತ್ರ ನನ್ನ ತರ್ಕವನ್ನೆಲ್ಲ ಸುಮ್ಮನಾಗಿಸುತ್ತದೆ. ನಾರಾಯಣದೇವರಕೆರೆ ಮುಳುಗಿತು, ಅಲ್ಲಿನ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಮುಳುಗಿದ ಊರಿಗೆ ಅಕ್ಷಾಂಶ, ರೇಖಾಂಶ ಈಗಲೂ ಇವೆ, ಮನೆಗಳಿಲ್ಲ. ಬೇಸಿಗೆಯಲ್ಲಿ ನೀರು ಸರಿದಾಗ ಹಿನ್ನೀರಿನ ಅಂಚಿನ ಹೊಲಗಳು ಮೇಲೇಳುತ್ತವೆ, ಮಳೆಗಾಲಕ್ಕೆ ಮತ್ತೆ ಒಳಗೆ. ವರ್ಷದ ಕೆಲವು ತಿಂಗಳು ಮಾತ್ರ ನೆಲವಾಗಿರುವ ನೆಲವನ್ನು ಯಾವ ಬಣ್ಣದಲ್ಲಿ ತುಂಬಬೇಕು?

ಕಂಪ್ಯೂಟರಿಗೆ ಇನ್ನೂ ಇಳಿಯದ ನಕ್ಷೆಯೊಂದು ಈ ಐದೂ ಊರುಗಳಲ್ಲಿ ನಡೆದಾಡುತ್ತಿದೆ. ರಾಜ್ಯದ ದೂರಸಂವೇದಿ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ. ಆದರೆ ರಸ್ತೆಯ ಡಾಂಬರಿನಡಿ ಹೂತುಹೋದ ವಾಲ್ವ್ ಎಲ್ಲಿದೆ ಎಂಬುದು ಗೊತ್ತಿರುವುದು ನೀರು ಬಿಡುವವನಿಗೆ. ಯಾವ ಕೊಳವೆ ಯಾವ ಓಣಿಗೆ ತಿರುಗುತ್ತದೆ, ಎಷ್ಟು ಸುತ್ತು ತಿರುವಿದರೆ ಕೊನೆಯ ಮನೆಗೆ ನೀರು ಏರುತ್ತದೆ ಎಂಬುದೆಲ್ಲ ಅವನ ಕಾಲಿನಲ್ಲಿ, ಕೈಯಲ್ಲಿ ಇದೆ. ಅವನಿಗೂ ನಿವೃತ್ತಿಯ ದಿನ ಬರುತ್ತದೆ. ಅದಕ್ಕೆ ಮುಂಚೆ ಕಚೇರಿಯಿಂದ ಯಾರಾದರೂ ಜಿಪಿಎಸ್ ಹಿಡಿದು, ನೀರು ಬಿಡುವ ಹೊತ್ತಿಗೆ ಅವನ ಜೊತೆ ಓಣಿ ಓಣಿ ನಡೆಯಬೇಕು. ಅವನು ತೋರಿಸಿದ ಒಂದೊಂದು ವಾಲ್ವಿಗೂ ಒಂದು ಚುಕ್ಕೆ ಇಡಬೇಕು, ತೋರಿಸಿದವರು ಯಾರು ಎಂಬ ಜಾಗದಲ್ಲಿ ಅವನ ಹೆಸರು ಬರೆಯಬೇಕು.