ಜಾನೋವಿನ ಚಾಕು

ಅಲಗನ್ನು ಒಮ್ಮೆ, ಹಿಡಿಯನ್ನು ಮತ್ತೊಮ್ಮೆ ಬದಲಾಯಿಸಿದ ಬಳಿಕವೂ ತನ್ನದು ಅದೇ ಚಾಕುವೆಂದು ನಂಬಿದ ಜಾನೋ ಎಂಬಾತನ ಪ್ರಸಂಗವು ಫ್ರೆಂಚ್ ಜನರಲ್ಲಿ ನಾಣ್ಣುಡಿಯಾಗಿ ಉಳಿದಿದೆ. ಅಚ್ಚು ರಥವೇ, ಗಾಲಿ ರಥವೇ ಎಂದು ಮಿಲಿಂದರಾಜನನ್ನು ಕೇಳಿದ ಭಿಕ್ಷು ನಾಗಸೇನನ ಪ್ರಶ್ನೆಯೂ ಇದಕ್ಕೆ ಸಮೀಪವಾದುದೇ.

ಫ್ರಾನ್ಸಿನ ಸವಾಯ್ ಪರ್ವತಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಮಡಿಸುವ ಚಾಕುವನ್ನು ಕೈಯಲ್ಲಿ ಹಿಡಿದಾಗ, ಭಾಗಗಳು ಬದಲಾದರೂ ವಸ್ತು ಅದೇ ಆಗಿ ಉಳಿಯುವುದೇ ಎಂಬ ಈ ಪ್ರಶ್ನೆಯು ಶುಷ್ಕ ತರ್ಕವಾಗಿ ಉಳಿಯದು. ಅದರ ಇಂಗಾಲದ ಉಕ್ಕಿನ ಅಲಗು ಸುಲಭವಾಗಿ ಹರಿತಗೊಳ್ಳುವುದಾದರೂ ತೇವ ತಗುಲಿದರೆ ತುಕ್ಕಿಗೆ ತುತ್ತಾಗುವುದು. ಬೀಚ್ ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ಬಿಗಿದು ತೆರೆಯಲೊಲ್ಲದು. ಆದಕಾರಣ ಒಡೆಯನಾದವನು ಬಳಸಿದೊಡನೆ ಅದನ್ನು ಒರಸಿ, ಕೀಲಿಗೆ ತೊಟ್ಟು ಎಣ್ಣೆಯಿಕ್ಕಿ, ಸಾಣೆಕಲ್ಲಿನ ಮೇಲೆ ಒಂದೇ ಕೋನವನ್ನು ಕಾಯ್ದುಕೊಂಡು ಮಸೆಯಬೇಕು. ಆದರೆ ಪ್ರತಿಯೊಂದು ಮಸೆತವೂ ಉಕ್ಕಿನ ಕಿಂಚಿದಂಶವನ್ನು ಸವೆಸುವುದರಿಂದ, ರಕ್ಷಣೆಯೇ ಕ್ಷಯಕ್ಕೂ ಕಾರಣವಾಗುತ್ತದೆ.

ಹಾಗಿರುವಲ್ಲಿ ವಸ್ತುವಿನ ತಾದಾತ್ಮ್ಯವನ್ನು ದ್ರವ್ಯದಲ್ಲಿ ಅರಸುವುದು ವ್ಯರ್ಥ. ಅದು ಉಪಯೋಗದ ಅವಿಚ್ಛಿನ್ನ ಪರಂಪರೆಯಲ್ಲಿಯೂ, ಕಾಪಾಡುವವನ ಶ್ರದ್ಧೆಯಲ್ಲಿಯೂ ನೆಲೆಸಿದೆಯೆಂದು ನಾನು ನಂಬುತ್ತೇನೆ. ತುಕ್ಕು ಹಿಡಿದ ಚಾಕುವನ್ನು ಬಿಸುಡದೆ ತಿಕ್ಕಿ ಮಸೆಯುವುದು, ನಶ್ವರವೆಂದು ಬಲ್ಲ ವಸ್ತುವಿನ ವಿಷಯದಲ್ಲಿಯೂ ಮನುಷ್ಯನು ಆಚರಿಸಬೇಕಾದ ಧರ್ಮವಾಗಿದೆ.