ಮೂಲವನ್ನು ಅರಸುವ ತಾಳ್ಮೆ

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದಕ್ಕೆ ಕಾರಣವಾದ ಪಾಪ ಅವನದೋ, ಅವನ ಹೆತ್ತವರದೋ ಎಂದು ಪ್ರಭು ಯೇಸುವನ್ನು ಕೇಳಿದರು. ಇಬ್ಬರದೂ ಅಲ್ಲವೆಂದು ಪ್ರಭು ಉತ್ತರಿಸಿದರು (ಯೊವಾನ್ನ 9). ಕಣ್ಣಿಗೆ ಬಿದ್ದ ನೋವಿಗೆ ಹತ್ತಿರದಲ್ಲಿರುವವರನ್ನೇ ಹೊಣೆಯಾಗಿಸುವುದು ಮನುಷ್ಯನ ಹಳೆಯ ಚಾಳಿ. ಇದನ್ನು ತಿದ್ದಿಕೊಳ್ಳಲು ಖಗೋಳವಿಜ್ಞಾನಿಗಳ ಒಂದು ಕೆಲಸ ನಮಗೆ ಪಾಠವಾಗಬಲ್ಲದು.

ಆಕಾಶದ ಕೆಲವು ತಾಣಗಳಿಂದ ಪ್ರಬಲವಾದ ರೇಡಿಯೊ ಅಲೆಗಳು ಬರುತ್ತವೆ. ಅವುಗಳನ್ನು ಹೊಮ್ಮಿಸುವ ಗೆಲಾಕ್ಸಿ ಯಾವುದೆಂದು ಕಂಡುಹಿಡಿಯುವುದು ಸುಲಭವಲ್ಲ. ರಾಜಹಂಸ ನಕ್ಷತ್ರಪುಂಜದ ದಿಕ್ಕಿನ 'ಸಿಗ್ನಸ್ ಎ' ಇದಕ್ಕೆ ಪ್ರಸಿದ್ಧ ನಿದರ್ಶನ. 1951ರಲ್ಲಿ ಕೇಂಬ್ರಿಜ್‌ನ ಗ್ರಹಾಂ ಸ್ಮಿತ್ ಅದರ ಸ್ಥಾನವನ್ನು ನಿಖರವಾಗಿ ಅಳೆದುಕೊಟ್ಟರು. ಅಮೆರಿಕದ ಪಾಲೋಮರ್ ಬೆಟ್ಟದ 200 ಅಂಗುಲದ ದೂರದರ್ಶಕದಿಂದ ವಾಲ್ಟರ್ ಬಾಡೆ ಆ ತಾಣದ ಚಿತ್ರ ತೆಗೆದಾಗ, ಅಸಂಖ್ಯ ನಕ್ಷತ್ರಗಳ ಹಿಂದೆ ಮಸುಕಾದ ಗೆಲಾಕ್ಸಿಯೊಂದು ಕಂಡಿತು. 1953ರಲ್ಲಿ ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್‌ನಲ್ಲಿ ರೋಜರ್ ಜೆನ್ನಿಸನ್ ಮತ್ತು ಭಾರತದವರೇ ಆದ ಎಂ. ಕೆ. ದಾಸ್ ಗುಪ್ತಾ ಇನ್ನೊಂದು ಅಚ್ಚರಿಯನ್ನು ತಿಳಿಸಿದರು: ಅಲೆಗಳ ಬಹುಪಾಲು ಬರುತ್ತಿದ್ದುದು ಒಂದು ತಾಣದಿಂದಲ್ಲ, ಗೆಲಾಕ್ಸಿಯ ಎರಡು ಪಕ್ಕಗಳಲ್ಲಿ ಬಹುದೂರ ಚಾಚಿದ್ದ ಎರಡು ತಾಣಗಳಿಂದ. ಸದ್ದು ಅಂಚಿನಲ್ಲಿತ್ತು, ಮೂಲ ನಡುವಿನಲ್ಲಿತ್ತು.

ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದುದೇ ಇದಕ್ಕೆ ಕಾರಣವೆಂದು ಬಾಡೆ ವಾದಿಸಿ, ಗೆಳೆಯ ರುಡಾಲ್ಫ್ ಮಿಂಕೋವ್‌ಸ್ಕಿಯವರೊಡನೆ ಪಂತ ಕಟ್ಟಿ ಗೆದ್ದರು. ಆದರೆ ಆ ಶಕ್ತಿಯ ಮೂಲ ಗೆಲಾಕ್ಸಿಯ ಒಡಲಿನ ಬೃಹತ್ ಕಪ್ಪುಕುಳಿಯೆಂದು ಮುಂದೆ ತಿಳಿದುಬಂತು. ಪಂತ ಗೆದ್ದವರ ವಿವರಣೆಯೇ ತಪ್ಪಾಗಿತ್ತು!

2013ರಲ್ಲಿ ಆರಂಭವಾದ 'ರೇಡಿಯೊ ಗೆಲಾಕ್ಸಿ ಜೂ' ಯೋಜನೆಯಲ್ಲಿ ಸಾವಿರಾರು ಸಾಮಾನ್ಯ ಜನರು ಆಕಾಶದ ರೇಡಿಯೊ ಚಿತ್ರಗಳನ್ನು ಅವಕೆಂಪು ಚಿತ್ರಗಳೊಡನೆ ಹೋಲಿಸಿ ಇಂಥ ಮೂಲಗಳನ್ನು ಗುರುತಿಸಿದರು. ಒಂದೇ ಚಿತ್ರವನ್ನು ಹಲವರು ಪ್ರತ್ಯೇಕವಾಗಿ ನೋಡುತ್ತಿದ್ದರು. ಹತ್ತಿರದ ಹೊಳೆಯುವ ಚುಕ್ಕೆಯೇ ಮೂಲವಾಗಿರಬೇಕೆಂದಿಲ್ಲ. ಅದು ದಾರಿಯಲ್ಲಿ ಅಡ್ಡ ಬಂದ ನಕ್ಷತ್ರವಾಗಿರಬಹುದು. ಮೂಲ ಕಾಣುತ್ತಿಲ್ಲವೆಂದು ಗುರುತಿಸಲೂ ಅವರಿಗೆ ಅವಕಾಶವಿತ್ತು.

ಈ ಅವಕಾಶವನ್ನು ನಾನೊಮ್ಮೆ ನನಗೆ ಕೊಟ್ಟುಕೊಳ್ಳಲಿಲ್ಲ. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಬಾಲಕನೊಬ್ಬ ಭಾನುವಾರದ ಧರ್ಮೋಪದೇಶ ತರಗತಿಗೆ ಬರುವುದನ್ನು ನಿಲ್ಲಿಸಿದ. ಅವನ ತಂದೆ ಕುಡಿಯುತ್ತಿದ್ದುದು ಊರಿಗೇ ಗೊತ್ತಿತ್ತು. ನಾನು ಮನೆಗೆ ಹೋಗಿ, ನೆರೆಯವರೆದುರಿನಲ್ಲೇ ತಂದೆಯನ್ನು ಗದರಿಸಿದೆ. ಅವರು ತಲೆ ತಗ್ಗಿಸಿ ಸುಮ್ಮನಿದ್ದರು. ತಿಂಗಳುಗಳ ಬಳಿಕ ಬಾಲಕನ ತಾಯಿ ಅಂಜುತ್ತಲೇ ಹೇಳಿದರು: "ಸ್ವಾಮಿ, ಜಪ ಬಾಯಿಗೆ ಬರಲಿಲ್ಲವೆಂದು ತಾವು ಎಲ್ಲರೆದುರು ಅವನನ್ನು ಹಂಗಿಸಿದಿರಿ. ಅಂದಿನಿಂದ ಅವನು ಬರುವುದಿಲ್ಲ ಅನ್ನುತ್ತಾನೆ." ತಂದೆಯ ಕುಡಿತ ಸುಳ್ಳಲ್ಲ, ಆದರೆ ಈ ಗಾಯದ ಮೂಲ ನಾನಾಗಿದ್ದೆ. ಅದೇ ಅಂಗಳದಲ್ಲಿ, ಅದೇ ನೆರೆಯವರೆದುರು, ಆ ತಂದೆ ಮಗನ ಕ್ಷಮೆ ಕೇಳಿದೆ.

ಸಾಕಷ್ಟು ಆಧಾರವಿಲ್ಲದೆ ನೆರೆಯವನ ದೋಷವನ್ನು ಮನದೊಳಗೆ ನಿಜವೆಂದು ಒಪ್ಪುವುದೂ ದುಡುಕಿನ ತೀರ್ಪೆಂದು ಧರ್ಮಸಭೆ ಬೋಧಿಸುತ್ತದೆ. ಹಾಗೆಂದು ತಪ್ಪನ್ನು ತಿದ್ದಬಾರದೆಂದಲ್ಲ. ಮೂಲ ಕಾಣದಿದ್ದರೆ ವಿಜ್ಞಾನಿ ಹುಡುಕಾಟವನ್ನು ಕೈಬಿಡುವುದಿಲ್ಲ. ಇನ್ನಷ್ಟು ಸೂಕ್ಷ್ಮವಾಗಿ ನೋಡುತ್ತಾನೆ. ಪ್ರಿಯರೇ, ಮನೆಯಲ್ಲಿ ಮಗು ಸಿಡುಕಿದಾಗ, ಸೊಸೆ ಮಾತು ಬಿಟ್ಟಾಗ, ನೆರೆಯವರು ಮುಖ ತಿರುಗಿಸಿದಾಗ, ಕಾರಣ ನನಗಿನ್ನೂ ಕಾಣುತ್ತಿಲ್ಲವೆಂದು ಒಪ್ಪಿಕೊಳ್ಳೋಣ. ಆಮೇಲೆ ಅವರ ಬಳಿ ಕುಳಿತು ಕೇಳೋಣ. ಆ ಕಾರಣ ನಮ್ಮಲ್ಲೇ ಇದ್ದರೆ ಅದನ್ನು ಕಾಣುವ ಬೆಳಕನ್ನು ಪ್ರಭು ನಮಗೆ ಅನುಗ್ರಹಿಸಲಿ.