ವಿದ್ಯಾರ್ಥಿಯ ಹೊತ್ತು

ಬಡ ವಿದ್ಯಾರ್ಥಿಗೆ ನೆರವಾಗುವುದು ಸಮಾಜದ ಧರ್ಮವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆ ನೆರವು ದಾನವಾಗಿರಬೇಕೊ, ದುಡಿಮೆಯ ಪ್ರತಿಫಲವಾಗಿರಬೇಕೊ ಎಂಬಲ್ಲಿ ಮಾತ್ರ ಅಭಿಪ್ರಾಯಭೇದವುಂಟು. ನಮ್ಮ ನಾಡಿನಲ್ಲಿ ಹಿಂದೆ ವಾರಾನ್ನವುಂಡು ಓದಿ ಮುಂದೆ ಬಂದವರು ಹಲವರು. ಅನ್ನವು ಅವರ ಹಸಿವನ್ನು ಹಿಂಗಿಸಿತು. ಪರರ ಬಾಗಿಲಲ್ಲಿ ನಿಂತ ಸಂಕೋಚವನ್ನು ಹಿಂಗಿಸಲಿಲ್ಲ. ದುಡಿದು ಪಡೆದ ಹಣಕ್ಕೆ ಈ ಸಂಕೋಚವಿಲ್ಲವೆಂಬುದು ನಿಜ. ಆದರೆ ಅದರಿಂದಲೇ ನ್ಯಾಯವು ಪೂರ್ಣವಾಗುವುದೆ?

ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವವು ಒಳ್ಳೆಯ ನಿದರ್ಶನ. ಅಲ್ಲಿ 1935ರಲ್ಲಿ ಏರ್ಪಟ್ಟ ರಾಷ್ಟ್ರೀಯ ಯುವಜನ ಆಡಳಿತವು ವಿದ್ಯಾರ್ಥಿಗಳಿಗೆ ಕೆಲಸವನ್ನೂ ಸಂಬಳವನ್ನೂ ಒದಗಿಸುತ್ತಿದ್ದು, 1943ರಲ್ಲಿ ಕೊನೆಗೊಂಡಿತು. ಅದರ ಟೆಕ್ಸಾಸ್ ಶಾಖೆಯ ಮೊದಲ ನಿರ್ದೇಶಕರಾಗಿದ್ದ ಲಿಂಡನ್ ಜಾನ್ಸನ್ನರು ತಾವೂ ದುಡಿಯುತ್ತ ಓದಿದವರು. ಅವರು ಅಧ್ಯಕ್ಷರಾಗಿದ್ದಾಗ, 1964ರ ಶಾಸನದ ಮೂಲಕ, ಕಾಲೇಜು ವಿದ್ಯಾರ್ಥಿಗಳ ‘ವರ್ಕ್ ಸ್ಟಡಿ’ ಯೋಜನೆಯು ಹುಟ್ಟಿತು. ಇಂದು ಸಂಬಳದಲ್ಲಿ ಸಾಮಾನ್ಯವಾಗಿ ನೂರಕ್ಕೆ 75ರವರೆಗೆ ಕೇಂದ್ರ ಸರಕಾರವು ಕೊಡುತ್ತದೆ. ಉಳಿದುದು ಕೆಲಸ ಕೊಟ್ಟವರ ಪಾಲು.

ಉದ್ದೇಶವು ಶ್ಲಾಘ್ಯವೇ ಸರಿ. ಆದರೆ ದೋಷಗಳೂ ಉಂಟು. ಮಂಜೂರಾದ ಮೊಬಲಗು ವಿದ್ಯಾರ್ಥಿಯ ಕೈಗೆ ಬಂದ ಹಣವಲ್ಲ. ಅಷ್ಟನ್ನು ದುಡಿಯಬಹುದೆಂಬ ಅನುಮತಿ ಮಾತ್ರ. ಕೆಲಸ ದೊರೆಯದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ದೊರೆತರೂ ಸಂಬಳವು ದುಡಿದ ಮೇಲೆ ಬರುವುದು; ಕಾಲೇಜಿನ ಶುಲ್ಕವು ಅಲ್ಲಿಯವರೆಗೆ ಕಾಯುವುದಿಲ್ಲ. ಎರಡನೆಯದಾಗಿ, ಕಾಲೇಜುಗಳಿಗೆ ಹಣವನ್ನು ಹಂಚುವ ಸೂತ್ರವು ಹಿಂದೆ ಪಡೆದ ಮೊತ್ತಕ್ಕೆ ಮನ್ನಣೆ ಕೊಡುವುದರಿಂದ, ಹಳೆಯ ಸಂಸ್ಥೆಗಳಿಗೆ ಅನುಕೂಲವಾಗಿ, ಬಡ ವಿದ್ಯಾರ್ಥಿಗಳು ಹೆಚ್ಚಾಗಿರುವ ಹೊಸ ಸಂಸ್ಥೆಗಳು ಹಿಂದುಳಿಯುತ್ತವೆ. ಮೂರನೆಯದಾಗಿ, ರಸಾಯನಶಾಸ್ತ್ರವನ್ನು ಓದುವವನು ಊಟದ ಶಾಲೆಯಲ್ಲಿ ತಟ್ಟೆ ತೊಳೆದರೂ ನಿಯಮಕ್ಕೆ ಭಂಗವಿಲ್ಲ. ಆ ಕೆಲಸವು ಕೀಳೆಂದಲ್ಲ. ಅದು ಅವನ ವಿದ್ಯೆಗೆ ಪೋಷಕವಲ್ಲ.

ದುಡಿಮೆಯಿಂದ ಶೀಲವು ಬಲಿಯುವುದೆಂದು ಕೆಲವರು ಸಮಾಧಾನ ಹೇಳುವರು. ಹಾಗಾದರೆ ಸಿರಿವಂತರ ಮಕ್ಕಳಿಗೆ ಆ ಶೀಲವು ಬೇಡವೆ? ಅವರು ಪುಸ್ತಕಾಲಯದಲ್ಲಿ ಓದುತ್ತ ಕಳೆಯುವ ಸಂಜೆಯನ್ನು ಬಡವನು ಅದೇ ಪುಸ್ತಕಾಲಯದ ಕಪಾಟುಗಳನ್ನು ಜೋಡಿಸುತ್ತ ಕಳೆದರೆ, ಪರೀಕ್ಷೆಯ ದಿನ ಇಬ್ಬರ ಮುಂದೆಯೂ ಬರುವ ಪ್ರಶ್ನೆಪತ್ರಿಕೆ ಒಂದೇ. ವಿದ್ಯಾರ್ಥಿಗೆ ಇರುವ ಮೂಲಧನವೆಂದರೆ ಹೊತ್ತು. ಅದನ್ನು ಕೊಂಡುಕೊಂಡು, ಕೊಟ್ಟ ಬೆಲೆಯನ್ನು ಸಹಾಯವೆಂದು ಕರೆಯುವುದು ಉಚಿತವಲ್ಲ.

ಆದುದರಿಂದ ಓದಿಗೆ ಪೂರಕವಾದ ಕೆಲಸವಿದ್ದಲ್ಲಿ ಸಂಬಳವನ್ನು ಕೊಡಲಿ. ಇಲ್ಲದಲ್ಲಿ ವೇತನವನ್ನು ವಿದ್ಯಾರ್ಥಿವೇತನವಾಗಿಯೇ ಕೊಡಲಿ. ಸಂಕೋಚಕ್ಕೆ ಎಡೆಯಿಲ್ಲದಂತೆ ಕೊಡುವ ಬಗೆಯನ್ನು ಕಲಿಯಬೇಕಾದವರು ಕೊಡುವವರು; ಅದನ್ನು ತಪ್ಪಿಸಿಕೊಳ್ಳಲು ತನ್ನ ಓದನ್ನು ತೆರಬೇಕಾದವನು ವಿದ್ಯಾರ್ಥಿಯಲ್ಲ.